ಹಳೆಯ ವಿಎಂಸಿ ಲಾರಿ ಹತ್ತುವ ಮುನ್ನ

ಪೀಣ್ಯ, ಪುಣೆ, ಹೈದರಾಬಾದ್ ಕಡೆ ಹಳೆಯ ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಲಂಬ ಮಿಲ್ಲಿಂಗ್ ಮಷೀನ್) ಕೊಂಡು ಕಲಬುರಗಿಯ ಕಪನೂರಿಗೋ ಬೀದರಿನ ಕೊಳಾರಕ್ಕೋ ತರಿಸುವವರು ಮೊದಲು ವಿಚಾರಿಸುವುದು ಹೈಡ್ರಾ (ಮೊಬೈಲ್ ಕ್ರೇನ್) ಬಾಡಿಗೆ, ಲಾರಿ ಬಾಡಿಗೆ. ಅದು ಮರುದಿನದ ಕೆಲಸ. ಮಷೀನಿಗೆ ಕರೆಂಟ್ ಇರುವಾಗಲೇ ಮುಗಿಸಬೇಕಾದ್ದು ಅರ್ಧದಷ್ಟಿದೆ. ಮಾರುವವರ ಶೆಡ್ಡಿನಲ್ಲಿ ಒಂದು ಪೂರ್ತಿ ದಿನ ಕೇಳಿಕೊಳ್ಳಿ.

ಮೊದಲು ಡೇಟಾ. ಮಷೀನನ್ನು ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲ್, ಫ್ಯಾನಕ್ ಕಂಪನಿಯ 0ಐ ಆದರೆ ಪರದೆಯ ಕೆಳಗಿನ ಸಾಲಿನಲ್ಲಿ ಬಲತುದಿಯ ಎರಡು ಸಾಫ್ಟ್‌ಕೀ ಒತ್ತಿ ಹಿಡಿದು ಆನ್ ಮಾಡಿ. ಬೂಟ್ ಮೆನು ಬರುತ್ತದೆ. ಅಲ್ಲಿಂದ ಸೆಟ್ಟಿಂಗ್‌ಗಳಿರುವ ಮೆಮೊರಿಯಾದ ಎಸ್‌ರ‍್ಯಾಮ್ ಪೂರ್ತಿ ಮೆಮೊರಿ ಕಾರ್ಡಿಗೆ ಇಳಿಸಿಕೊಳ್ಳಿ. ಕಾರ್ಡ್ 2 ಜಿಬಿ ಒಳಗಿನದಿರಲಿ, ಹಳೆಯ ಕಂಟ್ರೋಲ್‌ಗಳು ದೊಡ್ಡದನ್ನು ಓದದೇ ಹೋಗಬಹುದು. ಈ ಫೈಲನ್ನು ತೆರೆದು ನೋಡಲು ಬರುವುದಿಲ್ಲವಾದ್ದರಿಂದ ಪ್ಯಾರಾಮೀಟರ್, ಪಿಚ್ ಎರರ್, ಮ್ಯಾಕ್ರೊ, ಆಫ್‌ಸೆಟ್, ಪಿಎಂಸಿ (ಟೂಲ್ ಬದಲಾವಣೆಯಂಥ ಕೆಲಸಗಳ ನಿಯಂತ್ರಕ) ಪ್ಯಾರಾಮೀಟರ್, ಅದರ ಲ್ಯಾಡರ್ ಪ್ರೋಗ್ರಾಂ ಎಲ್ಲವನ್ನೂ ಬಿಡಿಬಿಡಿಯಾಗಿಯೂ ತೆಗೆದಿಡಿ.

ಆಮೇಲೆ ಬ್ಯಾಟರಿ. ಕಂಟ್ರೋಲ್‌ನಲ್ಲಿ 3 ವೋಲ್ಟಿನ ಲಿಥಿಯಂ ಒಂದು. ಕರೆಂಟ್ ಇಲ್ಲದಾಗಲೂ ಆಕ್ಸಿಸ್ (X, Y ಅಡ್ಡ ಚಲನೆ, Z ಮೇಲೆ-ಕೆಳಗೆ) ಎಲ್ಲಿದೆಯೆಂದು ನೆನಪಿಡುವ ಆಬ್ಸಲ್ಯೂಟ್ ಎನ್‌ಕೋಡರ್ ಇದ್ದರೆ ಸರ್ವೋ ಆಂಪ್ಲಿಫೈಯರಿನಲ್ಲಿ 6 ವೋಲ್ಟಿನದು ಇನ್ನೊಂದು, ಇಲ್ಲವೇ ಡಬ್ಬಿಯಲ್ಲಿ ನಾಲ್ಕು ದಪ್ಪ ಸೆಲ್. ಎರಡನ್ನೂ ಹೊಸದು ಹಾಕಿ. ಮಷೀನ್ ಆನ್ ಇರಲಿ, ಎಮರ್ಜೆನ್ಸಿ ಒತ್ತಿರಲಿ. ಆಫ್ ಮಾಡಿ ತೆಗೆದರೆ ಎನ್‌ಕೋಡರ್ ತನ್ನ ಶೂನ್ಯವನ್ನು ಮರೆಯುತ್ತದೆ, ಇಲ್ಲಿ ಆನ್ ಮಾಡಿದೊಡನೆ 300ರ ಅಲಾರ್ಮ್ ಬರುತ್ತದೆ. ಶೂನ್ಯ ಹೊಸದಾಗಿ ಕೊಡುವಾಗ Z ಒಂದೆರಡು ಮಿಲಿಮೀಟರ್ ತಪ್ಪಿದರೂ ಟೂಲ್ ಬದಲಿಸುವ ತೋಳು ಟೂಲ್ ತಿರುಗಿಸುವ ಸ್ಪಿಂಡಲಿಗೆ ಬಡಿಯುತ್ತದೆ. ಹೋಮ್‌ನಲ್ಲಿ (ಆ ಶೂನ್ಯದ ಜಾಗದಲ್ಲಿ) ನಿಂತಾಗ ಪ್ರತಿ ಆಕ್ಸಿಸ್‌ಗೂ ಗುರುತು ಗೀಚಿ ಫೋಟೊ ತೆಗೆದಿಡಿ.

ಮ್ಯಾಗಜಿನ್‌ನ ಎಲ್ಲ ಟೂಲ್, ಟೇಬಲ್ ಮೇಲಿನ ವೈಸ್ ಇಳಿಸಿ. ಲ್ಯೂಬ್ ಪಂಪ್ ಓಡಿಸುತ್ತ ಮೂರೂ ಆಕ್ಸಿಸ್ ಪೂರ್ತಿ ಉದ್ದಕ್ಕೆ ಹಲವು ಸಲ ಆಡಿಸಿ, ಎಣ್ಣೆಯ ಪದರ ಹರಡಲಿ. ಲ್ಯೂಬ್ ಟ್ಯಾಂಕ್ ಖಾಲಿ ಮಾಡುವುದು ಅದಾದ ಮೇಲೆ. ಕೂಲಂಟ್ ತಳದ ಕೆಸರು ಸಹಿತ ಹೊರಹೋಗಬೇಕು. ಉಳಿದ ನೀರು ದಾರಿಯಲ್ಲಿ ಅಲುಗಿ ಆಕ್ಸಿಸ್ ಜಾರುವ ಗೈಡ್‌ವೇ ಮೇಲೆ ಚೆಲ್ಲಿದರೆ ತುಕ್ಕು ಹಿಡಿಯುತ್ತದೆ.

ಹೆಚ್ಚು ಎಚ್ಚರ ಬೇಕಾದ್ದು ಸ್ಪಿಂಡಲ್ ತಲೆಯ ವಿಷಯದಲ್ಲಿ. ಕರೆಂಟ್ ಹೋದಾಗ ಅದನ್ನು ಹಿಡಿದಿರುವುದು Z ಮೋಟರಿನ ಬ್ರೇಕ್ ಮಾತ್ರ. ರಸ್ತೆಯ ಪ್ರತಿ ಗುಂಡಿಯ ಪೆಟ್ಟೂ ತಲೆಯನ್ನು ಏರಿಳಿಸುವ ಬಾಲ್‌ಸ್ಕ್ರೂಗೆ ಬೀಳುತ್ತದೆ. ಕಂಪನಿಯ ಟ್ರಾನ್ಸ್‌ಪೋರ್ಟ್ ಬ್ರ್ಯಾಕೆಟ್ ಸಿಕ್ಕರೆ ಅದನ್ನೇ ಹಾಕಿ, ಹಳೆಯ ಮಷೀನಿನಲ್ಲಿ ಅದು ಸಿಗುವುದು ಅಪರೂಪ. ಇಲ್ಲದಿದ್ದರೆ X, Y ಮಧ್ಯಕ್ಕೆ ತಂದು, ಟೇಬಲ್ ಮೇಲೆ ರಬ್ಬರ್ ಹಾಸಿ, ಜಾಲಿಯಂಥ ಗಟ್ಟಿಯಾದ ಒಣ ಕಟ್ಟಿಗೆಯ ದಿಮ್ಮಿ ಇಡಿ. ಅದು ತಲೆಯ ಎರಕದ ಕೆಳಗೆ ಬರಬೇಕು. ತಿರುಗುವ ಮೂತಿಯ ಕೆಳಗೆ ಇಟ್ಟರೆ ಪೆಟ್ಟು ಬೇರಿಂಗಿಗೆ ಹೋಗುತ್ತದೆ. ಹ್ಯಾಂಡ್‌ವ್ಹೀಲ್ ಸಣ್ಣ ಹೆಜ್ಜೆಯಲ್ಲಿಟ್ಟು ಇಳಿಸುತ್ತ Z ಲೋಡ್ ಮೀಟರ್ ನೋಡಿ. ತಲೆಯ ಭಾರ ಕಟ್ಟಿಗೆಗೆ ದಾಟುತ್ತಿದ್ದಂತೆ ಲೋಡ್ ಇಳಿಯುತ್ತದೆ, ಸೊನ್ನೆಯ ಹತ್ತಿರ ಬಂದಾಗ ನಿಲ್ಲಿಸಿ. ಮತ್ತೆ ಏರತೊಡಗಿದರೆ ನೀವು ಟೇಬಲನ್ನು ಒತ್ತುತ್ತಿದ್ದೀರಿ ಎಂದರ್ಥ. ಕಾಲಮ್ಮಿನೊಳಗೆ ತಲೆಯ ಭಾರ ಸರಿದೂಗಿಸುವ ಕೌಂಟರ್‌ವೇಟ್ ಇರುವ ಮಾದರಿಗೆ ಆ ಗುಂಡನ್ನೂ ಬೋಲ್ಟ್ ಹಾಕಿ ಬಂಧಿಸಬೇಕು. ಬ್ರ್ಯಾಕೆಟ್ ಕೂಡಿಸಲೆಂದು ಮಷೀನಿಗೆ ವೆಲ್ಡಿಂಗ್ ಹಚ್ಚಲೇಬೇಡಿ. ಆ ಕರೆಂಟ್ ಬೇರಿಂಗ್, ಎನ್‌ಕೋಡರ್ ಎರಡನ್ನೂ ಸುಡಬಲ್ಲದು.

ಈಗ ಮೇನ್ ಆಫ್. ಡ್ರೈವ್ ಮೇಲಿನ ಚಾರ್ಜ್ ದೀಪ ಆರಿದ ಮೇಲೂ 20 ನಿಮಿಷ ಬಿಟ್ಟು ಪ್ಯಾನಲಿಗೆ ಕೈಹಾಕಿ. ಬಿಚ್ಚಿದ ಪ್ರತಿ ವೈರಿನ ಎರಡೂ ತುದಿಗೆ ಒಂದೇ ನಂಬರ್ ಅಂಟಿಸಿ. ಚಿಪ್ ಕನ್ವೇಯರ್, ಕೂಲಂಟ್ ಟ್ಯಾಂಕ್, ಟ್ರಾನ್ಸ್‌ಫಾರ್ಮರ್ ಬೇರೆಯಾಗಿ ಬರಲಿ. ಬಾಗಿಲು, ಆಪರೇಟರ್ ಪ್ಯಾನಲ್ ಅಲುಗದಂತೆ ಕಟ್ಟಿ, ಪ್ಯಾನಲಿನೊಳಗೆ ಸಿಲಿಕಾ ಜೆಲ್ ಇಡಿ.

ಎತ್ತುವುದು ಬೇಸಿನ ಲಿಫ್ಟಿಂಗ್ ರಂಧ್ರಗಳಿಂದ ಮಾತ್ರ. ಟೇಬಲಿಗೋ ತಲೆಗೋ ಬೆಲ್ಟ್ ಸುತ್ತಿದರೆ ಲೆವೆಲ್ ಹೋಯಿತೆಂದೇ ತಿಳಿಯಿರಿ. ತೂಕ ನೇಮ್‌ಪ್ಲೇಟಿನಲ್ಲಿ ನೋಡಿ. 5 ಟನ್ನಿನದು ಎನ್ನೋಣ: ಎರಡು ಕಾಲಿನ ಸ್ಲಿಂಗ್ ನೆಲಮಟ್ಟಕ್ಕೆ 60 ಡಿಗ್ರಿಯಲ್ಲಿದ್ದರೆ ಒಂದೊಂದು ಕಾಲಿನ ಮೇಲೆ ಸುಮಾರು 2.9 ಟನ್, 30 ಡಿಗ್ರಿಗೆ ಇಳಿದರೆ ಒಂದೊಂದರ ಮೇಲೂ 5 ಟನ್. ಹೈಡ್ರಾಕ್ಕೆ ಹೇಳುವ ಟನ್ ಬೂಮ್ ಹತ್ತಿರವಿದ್ದಾಗಿನದು, ಚಾಚಿದಷ್ಟೂ ಕಡಿಮೆ.

ನಮ್ಮ ಭಾಗದ ಕಪ್ಪು ಮಣ್ಣಿಗೆ ಪ್ರತ್ಯೇಕ ಸಿದ್ಧತೆ ಬೇಕು. ಮಳೆ ಬಿದ್ದ ಎರೆ ನೆಲದಲ್ಲಿ ಭಾರ ಹೊತ್ತ ಹೈಡ್ರಾದ ಒಂದು ಗಾಲಿ ಹೂತರೆ ಮಷೀನ್ ಆ ಕಡೆಗೇ ವಾಲುತ್ತದೆ. ಶೆಡ್ಡಿನ ಬಾಗಿಲವರೆಗೆ ಮುರುಮ್ ಹಾಕಿ ದಮ್ಮಸು ಮಾಡಿಸಿ, ಮೇಲೆ ದಪ್ಪ ಉಕ್ಕಿನ ಪ್ಲೇಟ್ ಹಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಬಿಡುವಂತಿಲ್ಲ.

ಲಾರಿಯಲ್ಲಿ ಲೆವೆಲಿಂಗ್ ಬೋಲ್ಟ್ ಮೇಲೆ ನಿಲ್ಲಿಸಬೇಡಿ. ಬೋಲ್ಟ್ ಒಳಗೆ ತಿರುಗಿಸಿ ಬೇಸನ್ನು ಮರದ ಪಟ್ಟಿಗಳ ಮೇಲೆ ಕೂರಿಸಿ. ನಾಲ್ಕು ಮೂಲೆಯಿಂದ ರ‍್ಯಾಚೆಟ್ ಬೆಲ್ಟ್ ಬಿಗಿದು ಬೇಸಿಗೇ ಕಟ್ಟಿ, ತಗಡಿನ ಕವಚಕ್ಕಲ್ಲ. ಲಾರಿ ಸೇರಿ ಒಟ್ಟು ಎತ್ತರ ಅಳೆದು, ದಾರಿಯ ರೈಲ್ವೆ ಕೆಳಸೇತುವೆಗಳನ್ನು ವಿಚಾರಿಸಿ. ತಾಡಪತ್ರಿ ಪೂರ್ತಿ ಮುಚ್ಚಲಿ. ಬೆಲೆ 50,000 ರೂಪಾಯಿ ಮೀರಿದ್ದರಿಂದ ಇನ್‌ವಾಯ್ಸ್ ಜೊತೆ ಇ-ವೇ ಬಿಲ್ ಬೇಕು. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ.

ಹೊರಡುವ ಮುನ್ನ ಆಪರೇಟರ್ ಪ್ಯಾನಲ್ ಮೇಲೆ ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ: ‘Z ಕೆಳಗೆ ಕಟ್ಟಿಗೆ / ಬ್ರ್ಯಾಕೆಟ್ ಇದೆ, ಹೋಮ್ ಕೊಡಬೇಡಿ.’ ಇಲ್ಲಿ ಕರೆಂಟ್ ಕೊಟ್ಟವರು ಮೊದಲು ಬ್ರ್ಯಾಕೆಟ್ ಇದ್ದರೆ ಅದನ್ನು ಬಿಚ್ಚಬೇಕು, ಕಟ್ಟಿಗೆ ಇದ್ದರೆ ಹ್ಯಾಂಡ್‌ವ್ಹೀಲಿನಿಂದ Z ಎತ್ತಿ ಕಟ್ಟಿಗೆ ತೆಗೆಯಬೇಕು. X ಅಥವಾ Y ಆಡಿಸುವುದು ಅದಾದ ಮೇಲೆ.