ಚಿಲ್ಲರ್ ಇಲ್ಲದ ರೀಫ್ ಟ್ಯಾಂಕ್: ಫ್ಯಾನು ಮತ್ತು ಸುಣ್ಣದ ತಿಳಿ

ಸುಮಾರು 600 ಲೀಟರ್ ಉಪ್ಪುನೀರಿನ ಟ್ಯಾಂಕಿನಲ್ಲಿ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ, ಇಲ್ಲದೆ ಅಕ್ರೊಪೊರಾ ಎಂಬ ಗಟ್ಟಿ ಹವಳ ಬೆಳೆಸುತ್ತೇನೆ ಅಂದಾಗ ಬಲ್ಲವರೆಲ್ಲ ಬೇಡ ಅಂದಿದ್ದರು. ಮೆತ್ತನೆ ಹವಳದಲ್ಲೇ ತೃಪ್ತಿಪಡು ಎಂದರು. ಈಗ ಎರಡು ಬೇಸಿಗೆ ಕಳೆದಿವೆ. ನೀರು 27 ಡಿಗ್ರಿ ದಾಟಿದ್ದು ಅಪರೂಪ. ಬೆರಳುದ್ದ ತಂದ ತುಂಡುಗಳು ಅಂಗೈಯಗಲ ಹರಡಿವೆ.

ಮೊದಲು ಚಿಲ್ಲರೇ ಇತ್ತು. ಒಟ್ಟು ಖರ್ಚಿನಲ್ಲಿ ಮೂರನೇ ಒಂದು ಪಾಲು ನುಂಗಿದ್ದು ಅದೇ. ನೀರಿನಿಂದ ತೆಗೆದ ಬಿಸಿಯನ್ನು ಅದೇ ಕೋಣೆಗೆ ಬಿಡುತ್ತಿತ್ತು, ಕೋಣೆ ಕಾದಷ್ಟೂ ಜಾಸ್ತಿ ಹೊತ್ತು ಓಡುತ್ತಿತ್ತು. ಕಂಪ್ರೆಸರ್ ಕೈಕೊಟ್ಟ ದಿನ ನೀರು 31ಕ್ಕೆ ಏರಿತು. ಸ್ಟೈಲೊಫೊರಾ ಎಂಬ ಒಂದು ಹವಳ ಬುಡದಿಂದ ಚರ್ಮ ಬಿಡುತ್ತಾ ಬಂದು, ರಾತ್ರಿ ಹೊತ್ತಿಗೆ ಬಿಳಿ ಎಲುಬಷ್ಟೇ ಉಳಿಯಿತು. ರಿಪೇರಿಗೆ ಕೇಳಿದ ದುಡ್ಡಿಗೆ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಒಳ್ಳೆಯ ಸ್ಕಿಮ್ಮರ್ ಬರುತ್ತಿತ್ತು. ಮಾಡಿಸಲಿಲ್ಲ.

ಟ್ಯಾಂಕಿಗೆ ಜೋಡಿಸಿದ, ನೀರು ಸೋಸುವ ತೊಟ್ಟಿ (ಸಂಪು) ಮೇಲೆ ನಾಲ್ಕು ಫ್ಯಾನ್ ಕೂರಿಸಿದೆ. ಒಂದು ಲೀಟರ್ ನೀರು ಆವಿಯಾದರೆ ಮುಕ್ಕಾಲು ಯೂನಿಟ್ಟಿಗಿಂತ ಸ್ವಲ್ಪ ಕಮ್ಮಿ ಕರೆಂಟಿನಷ್ಟು ಬಿಸಿ ಹೋಗುತ್ತದೆ. ಒಣ ಹವೆಯಲ್ಲಿ ನನ್ನ ಟ್ಯಾಂಕಿನಿಂದ ದಿನಕ್ಕೆ ಹತ್ತು ಲೀಟರ್ ಹಾರುತ್ತದೆ. ಅಂದರೆ ಹಗಲೂ ರಾತ್ರಿ 280 ವಾಟ್ ಬಿಸಿ ಹೊರಗೆ ಹಾಕಿದ ಲೆಕ್ಕ. ನಾಲ್ಕೂ ಫ್ಯಾನ್ ಸೇರಿ ತಿನ್ನುವುದು 50 ವಾಟ್ ಇರಬಹುದು.

ಹವೆಯಲ್ಲಿ ತೇವ ಇದ್ದರೆ ಇದು ನಡೆಯಲ್ಲ ಅಂದವರ ಮಾತು ಅರ್ಧ ನಿಜ. ಅಂಥ ದಿನ ಒಂದೂವರೆ ಡಿಗ್ರಿ ಇಳಿದರೇ ಜಾಸ್ತಿ. ಅದಕ್ಕೆ ಲೈಟಿನ ಬಿಸಿ ತಂಪು ಹೊತ್ತಿಗೆ ಬರಲಿ ಎಂದು ಅದನ್ನು ಸಂಜೆಯಿಂದ ನಡುರಾತ್ರಿವರೆಗೆ ತಳ್ಳಿದೆ, ಸಂಪಿನಿಂದ ನೀರು ಎತ್ತುವ ರಿಟರ್ನ್ ಪಂಪನ್ನು ಕಮ್ಮಿ ಬಿಸಿಯಾಗುವ ಡಿಸಿಗೆ ಬದಲಿಸಿದೆ. ಹವಳಕ್ಕೆ ನಮ್ಮ ಗಡಿಯಾರ ಗೊತ್ತಿಲ್ಲ, ಅಲ್ವಾ? ಫ್ಯಾನ್ ಯಾವ ಕೋನದಲ್ಲಿರಬೇಕು, ಯಾವುದು ಯಾವಾಗ ಓಡಬೇಕು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಿಜವಾದ ಲಾಭ ಇದಲ್ಲ. ಹಾರಿದ ಹತ್ತು ಲೀಟರಿನ ಜಾಗಕ್ಕೆ ಆರ್‌ಒ ನೀರಿನ ಬದಲು ಸುಣ್ಣದ ತಿಳಿ ಬಿಡುತ್ತೇನೆ. ಲೀಟರಿಗೆ ಒಂದೂವರೆ ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಕಲಕಿ ಮುಚ್ಚಿಟ್ಟು, ತಿಳಿಯಾದ ಮೇಲೆ ಮೇಲಿನದು ಮಾತ್ರ. ದಿನಕ್ಕೆ ಒಂದೂವರೆ ಡಿಕೆಎಚ್ (ಹವಳ ಎಲುಬು ಕಟ್ಟಲು ಬಳಸುವ ಕ್ಷಾರದ ಅಳತೆ) ಸಲೀಸಾಗಿ ಸಿಗುತ್ತದೆ, ಹತ್ತು ಪಿಪಿಎಂ (ಲೀಟರಿಗೆ ಹತ್ತು ಮಿಲಿಗ್ರಾಂ) ಆಸುಪಾಸು ಕ್ಯಾಲ್ಸಿಯಂ ಜೊತೆಗೇ ಬರುತ್ತದೆ. ಪಿಎಚ್ 8.3ರ ಹತ್ತಿರ ನಿಂತಿದೆ. ಒಂದು ಕಿಲೋ ಪುಡಿ ಎರಡು ತಿಂಗಳು ಬರುತ್ತದೆ. ಕ್ಯಾಲ್ಸಿಯಂ, ಕ್ಷಾರ ಎರಡು ಬಾಟಲಿಯಲ್ಲಿ ಬರುವ ಟೂ-ಪಾರ್ಟ್‌ಗೆ ಸುರಿಯುತ್ತಿದ್ದ ದುಡ್ಡು ಪೂರ್ತಿ ಉಳಿಯಿತು. ಮೆಗ್ನೀಷಿಯಂ ಮಾತ್ರ ಬೇರೆ ಹಾಕಬೇಕು.

ಅಪಾಯ ಇರುವುದೂ ಇಲ್ಲೇ. ಒಮ್ಮೆ, ನೀರಿನ ಮಟ್ಟ ಇಳಿದಾಗ ತಿಳಿ ಬಿಡಿಸುವ ಫ್ಲೋಟ್ ಸ್ವಿಚ್ಚಿನ ಕಡ್ಡಿಗೆ ಸುಣ್ಣದ ಪೊರೆ ಕಟ್ಟಿ ಅದು ಕೆಳಗೇ ಸಿಕ್ಕಿಕೊಂಡಿತು. ತಿಳಿಯ ಡ್ರಮ್ಮಿನಲ್ಲಿದ್ದದ್ದು ಅರ್ಧಕ್ಕರ್ಧ ಒಳಗೆ ಹೋಯಿತು. ಬೆಳಗ್ಗೆ ನೋಡಿದರೆ ನೀರಿಗೆ ಹಾಲು ಸುರಿದ ಹಾಗಿತ್ತು, ಪಿಎಚ್ 9ರ ಹತ್ತಿರ. ಸೋಡಾ ನೀರನ್ನು ಸ್ವಲ್ಪ ಸ್ವಲ್ಪವೇ ಸಂಪಿಗೆ ಬಿಟ್ಟು ಇಳಿಸಿದೆ. ಮೀನು ಉಳಿದವು, ಎರಡು ಮಾಂಟಿಪೊರಾ ಹವಳ ಹೋದವು. ಈಗ ಫ್ಲೋಟ್ ಬರೀ ಕಾವಲಿಗೆ. ತಿಳಿ ಬಿಡುವುದು ಅಳೆದು ಸುರಿಯುವ ಡೋಸಿಂಗ್ ಪಂಪ್, ಅದೂ ಒಂದು ದಿನದ್ದಷ್ಟೇ ಹಿಡಿಯುವ ಡಬ್ಬಿಯಿಂದ. ಏನೇ ಸಿಕ್ಕಿಕೊಂಡರೂ ಅದಕ್ಕಿಂತ ಜಾಸ್ತಿ ಒಳಗೆ ಹೋಗುವಂತಿಲ್ಲ.

ನಡುವೆ ತಿಳಿಗೆ ವಿನೆಗರ್ ಬೆರೆಸಿಯೂ ನೋಡಿದೆ. ಸುಣ್ಣ ಜಾಸ್ತಿ ಕರಗುತ್ತದೆ, ನೈಟ್ರೇಟ್ ಬಳಸಿ ಬೆಳೆಯುವ ಬ್ಯಾಕ್ಟೀರಿಯಾಕ್ಕೂ ಆಹಾರ. ನೈಟ್ರೇಟ್ ಹತ್ತು ಪಿಪಿಎಂನಿಂದ ಸೊನ್ನೆಗೆ ಇಳಿಯಿತು, ಬೆನ್ನಲ್ಲೇ ಮರಳಿನ ಮೇಲೆ ಗುಳ್ಳೆ ಹಿಡಿದ ಕಂದು ಲೋಳೆ ಬಂತು. ವಿನೆಗರ್ ನಿಲ್ಲಿಸಿ ನೈಟ್ರೇಟ್ ಏರಲಿ ಎಂದು ಮೀನಿಗೆ ತಿಂಡಿ ಜಾಸ್ತಿ ಹಾಕತೊಡಗಿದೆ. ನೈಟ್ರೇಟ್ ಐದರ ಹತ್ತಿರ ಬಂದ ಮೇಲೆ ಲೋಳೆ ಹೋಯಿತು, ಹವಳದ ಬಣ್ಣವೂ ಮರಳಿತು.

ಹವಳ ಈಗಿನ ವೇಗದಲ್ಲೇ ಬೆಳೆದರೆ ಅದು ದಿನಕ್ಕೆ ಬಳಸುವ ಕ್ಷಾರ ಎರಡು ಡಿಕೆಎಚ್ ಮುಟ್ಟುತ್ತದೆ. ಅಲ್ಲಿಂದಾಚೆ ಹತ್ತು ಲೀಟರ್ ತಿಳಿ ಸಾಲದು. ಅದಕ್ಕೇ ಹವಳದ ಚೂರನ್ನು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕರಗಿಸುವ ಒಂದು ಸಣ್ಣ ಕ್ಯಾಲ್ಸಿಯಂ ರಿಯಾಕ್ಟರ್ ಜೋಡಿಸುತ್ತಿದ್ದೇನೆ. ಅದು ಇಳಿಸುವ ಪಿಎಚ್ಚನ್ನು ಸುಣ್ಣವೇ ಎತ್ತಿ ಹಿಡಿಯಬೇಕು.