ಹಾಯಿದೋಣಿಯ ಕಾಕ್‌ಪಿಟ್ ಒಣಗಿರಬೇಕೇ? ಮೊದಲು ಬೋಲ್ಟ್ ಬಿಚ್ಚಿ

ದೋಣಿಯ ಕಾಕ್‌ಪಿಟ್, ಅಂದರೆ ನಾವು ಕೂರುವ ತಗ್ಗಿನಲ್ಲಿ ನೀರು ನಿಂತರೆ ಎಲ್ಲರೂ ಬೈಯುವುದು ಅಲೆಯನ್ನು. ಗಾಳಿಗೆ ವಾಲಿದಾಗ ಅಂಚಿನ ಮೇಲಿಂದ ನೀರು ಹಾರಿ ಬರುವುದೇನೋ ನಿಜ. ಆದರೆ ಅದು ಕಣ್ಣಿಗೆ ಕಾಣುತ್ತದೆ, ಮೊಗೆದು ಚೆಲ್ಲಿದರೆ ಮುಗಿಯಿತು. ತಲೆನೋವು ಕೊಡುವುದು ಕಾಣದೆ ಬರುವ ನೀರು. ಅದು ಬರುವುದು ಹೆಚ್ಚಾಗಿ ಬೋಲ್ಟಿನ ತೂತಿನಿಂದ, ಮುಚ್ಚಳದ ಅಂಚಿನಿಂದ, ಬಿರಡೆಯ ಸಂದಿನಿಂದ.

ನಮ್ಮ ಕಾಸರಗೋಡಿನ ಕಡೆ ಹಾಯಿ ಈಗ ಅಪರೂಪ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಎಲ್ಲಿ ನೋಡಿದರೂ ಎಂಜಿನ್ ಕಟ್ಟಿದ ಫೈಬರ್ ದೋಣಿಗಳೇ. ಆದರೂ ಹುಚ್ಚು ಹತ್ತಿದವರು ಗೋವಾದಿಂದಲೋ ಕೊಚ್ಚಿಯಿಂದಲೋ ಒಂದು ಹಳೇ ಡಿಂಗಿ (ಚಿಕ್ಕ ಹಾಯಿದೋಣಿ) ತರುತ್ತಾರೆ, ಚಂದ್ರಗಿರಿ ಅಳಿವೆಯ ಒಳಗೋ ಕವ್ವಾಯಿ ಹಿನ್ನೀರಿಗೋ ಇಳಿಸುತ್ತಾರೆ. ವಾರದೊಳಗೆ ಕೈಯಲ್ಲಿ ಸಿಲಿಕಾನ್ ಟ್ಯೂಬ್ ಹಿಡಿದು ಕಂಡಕಂಡಲ್ಲಿ ಮೆತ್ತಲು ಶುರು ಮಾಡುತ್ತಾರೆ. ಆ ಮೆತ್ತುವ ಕೆಲಸ ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಸ್ವಲ್ಪ ನೀರು ತಾನೇ ಅನ್ನಬೇಡಿ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಾಕ್‌ಪಿಟ್‌ನಲ್ಲಿ ಬರೀ 5 ಸೆಂ.ಮೀ. ನೀರು ನಿಂತರೆ 100 ಲೀಟರ್, ಅಂದರೆ 100 ಕಿಲೋ. ಸುಮ್ನೆ ಕೂರುವ ಭಾರವೂ ಅಲ್ಲ ಅದು. ದೋಣಿ ಯಾವ ಕಡೆ ವಾಲಿತೋ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ.

ಮೊದಲು ನೀರು ಎಲ್ಲಿಂದ ಅಂತ ಹುಡುಕಿ

ನಿಂತ ನೀರನ್ನು ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟು ಉಗಿಯಿರಿ. ಉಪ್ಪಿದ್ದರೆ ಕೆಳಗಿನಿಂದ ಬಂದದ್ದು, ಸಪ್ಪೆಯಿದ್ದರೆ ಮೇಲಿನಿಂದ ಬಿದ್ದ ಮಳೆ. ಮಳೆಗಾಲದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಆಗ ಹೊಳೆಯ ನೀರೇ ಅಳಿವೆಯವರೆಗೂ ಸಪ್ಪೆಯಾಗಿರುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಾಡಿದರೆ ಸರಿ.

ಡಿಂಗಿಯ ಎರಡೂ ಪಕ್ಕದಲ್ಲಿ ಗಾಳಿ ತುಂಬಿದ ಟ್ಯಾಂಕ್ ಇರುತ್ತದೆ, ದೋಣಿ ಮಗುಚಿದರೂ ಮುಳುಗದಿರಲಿ ಅಂತ. ಸೋರಿಕೆ ಹೆಚ್ಚಾಗಿ ಅಡಗಿರುವುದು ಅಲ್ಲೇ. ಟ್ಯಾಂಕಿನ ಬಿರಡೆ ತೆಗೆದು, ಗಾಳಿಹಾಸಿಗೆಗೆ ಊದುವ ಕಾಲು ಪಂಪಿನ ಕೊಳವೆಯನ್ನು ತೂತಿಗೆ ಇಟ್ಟು, ಸುತ್ತ ಬಟ್ಟೆ ಒತ್ತಿ ಹಿಡಿಯಿರಿ. ಮೆಲ್ಲಗೆ ನಾಲ್ಕು ಸಲ ಒತ್ತಿದರೆ ಸಾಕು. ಇನ್ನೊಬ್ಬರು ಪಾತ್ರೆ ತೊಳೆಯುವ ಸೋಪಿನ ನೀರನ್ನು ಬೋಲ್ಟು, ಜೋಡಣೆ, ಮುಚ್ಚಳದ ಮೇಲೆಲ್ಲ ಬ್ರಷ್‌ನಿಂದ ಹಚ್ಚಲಿ. ಗುಳ್ಳೆ ಎದ್ದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡವೇ ಬೇಡ ಮಾರಾಯ್ರೇ, ಆ ಒತ್ತಡಕ್ಕೆ ಜೋಡಣೆಯೇ ಬಿಟ್ಟುಕೊಳ್ಳುತ್ತದೆ.

ಬೋಲ್ಟು ಕೂರಿಸುವುದು

ಎಲ್ಲರೂ ಕೆಡಿಸುವುದು ಇಲ್ಲಿ. ಹಗ್ಗ ಕಟ್ಟುವ ಕ್ಲೀಟು, ರಾಟೆ, ಚುಕ್ಕಾಣಿಯ ಹಿಂಜು, ಇವೆಲ್ಲ ಬೋಲ್ಟಿನಿಂದ ಫೈಬರಿಗೆ ಕೂತಿರುತ್ತವೆ. ಸೋರಿದಾಗ ಜನ ಅದರ ಅಂಚಿಗೆ ಸುತ್ತ ಸಿಲಿಕಾನ್ ಬಳಿಯುತ್ತಾರೆ. ಹೊರಗಿನಿಂದ ಬಳಿದ ಸೀಲಂಟ್ (ಸಂದಿ ಮುಚ್ಚುವ ಅಂಟು) ಯಾವ ಪ್ರಯೋಜನಕ್ಕೂ ಇಲ್ಲ. ಅದು ಇರಬೇಕಾದದ್ದು ಲೋಹದ ಅಡಿಯಲ್ಲಿ, ಬೋಲ್ಟಿನ ಕುತ್ತಿಗೆಯಲ್ಲಿ. ಹಾಗಾಗಿ ಬಿಚ್ಚಲೇಬೇಕು, ಬೇರೆ ದಾರಿಯಿಲ್ಲ.

ಬಿಚ್ಚಿದ ಮೇಲೆ ಹಳೆಯದನ್ನೆಲ್ಲ ಕೆರೆದು ತೆಗೆಯಿರಿ. ಮೊದಲಿನವರು ಸಿಲಿಕಾನ್ ಹಾಕಿದ್ದರೆ ನಿಮ್ಮ ದುರದೃಷ್ಟ. ಸಿಲಿಕಾನ್ ಕಿತ್ತರೂ ಒಂದು ತೆಳುವಾದ ಜಿಡ್ಡು ಉಳಿಯುತ್ತದೆ, ಅದರ ಮೇಲೆ ಏನೂ ಅಂಟುವುದಿಲ್ಲ. ಬ್ಲೇಡಿನಿಂದ ಕೆರೆದು, ಮರಳು ಕಾಗದದಿಂದ ಉಜ್ಜಿ, ಕೊನೆಗೆ ಅಸಿಟೋನ್ ಬಟ್ಟೆಯಿಂದ ಒರೆಸಿ. ಬಚ್ಚಲುಮನೆ ಟೈಲ್ಸ್ ಸಂದಿಗೆ ಸಿಲಿಕಾನ್ ಒಳ್ಳೆಯದು, ದೋಣಿಗೆ ಬೇಡ.

ಈಗ ತೂತಿನೊಳಗೆ ನೋಡಿ. ಡೆಕ್ಕಿನ (ದೋಣಿಯ ಮೇಲ್ಹಾಸಿನ) ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ಡೋ ಹಗುರ ಮರವೋ ಇದ್ದರೆ, ಒಂದು ಮೊಳೆ ತೂರಿಸಿ ಕೆದಕಿ. ಕಪ್ಪು ಪುಡಿ ಬಂದರೆ ಮರ ಕೊಳೆತಿದೆ. 6 ಮಿ.ಮೀ. ಬೋಲ್ಟಿನ ತೂತನ್ನು 12 ಮಿ.ಮೀ.ಗೆ ಹಿಗ್ಗಿಸಿ, ಆದರೆ ಕೆಳಗಿನ ಫೈಬರ್ ಪದರ ತೂತು ದೊಡ್ಡದಾಗದಂತೆ ಉಳಿಸಿ. ಮೆತ್ತಗಾದ ಮರವನ್ನು ಸುತ್ತ ಕೆದಕಿ ತೆಗೆಯಿರಿ. ಕೆಳಗಿನಿಂದ ಟೇಪು ಅಂಟಿಸಿ, ಎಪಾಕ್ಸಿಗೆ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ಮಂದ ಮಾಡುವ ಫಿಲ್ಲರ್ ಪುಡಿ ಬೆರೆಸಿ, ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ತುಂಬಿಸಿ. ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ 6 ಮಿ.ಮೀ. ತೂತು ಕೊರೆಯಿರಿ. ಮುಂದೆ ಸೀಲಂಟ್ ಬಿಟ್ಟುಕೊಂಡರೂ ನೀರು ಮರಕ್ಕೆ ಮುಟ್ಟುವುದಿಲ್ಲ. ನಮ್ಮ ಸೆಕೆಗೆ ಎಪಾಕ್ಸಿ ಬೇಗ ಬಿಸಿಯಾಗಿ ಗಡ್ಡೆ ಕಟ್ಟುತ್ತದೆ, ಬೆಳಿಗ್ಗೆ ಬೇಗ ಸ್ವಲ್ಪ ಸ್ವಲ್ಪವೇ ಕಲಸಿ.

ದೋಣಿ ಕಟ್ಟುವಲ್ಲಿ ಸಿಗುವ ಅಗ್ಗದ ಪಾಲಿಯೆಸ್ಟರ್ ರೆಸಿನ್ ಇಲ್ಲಿ ಬೇಡ. ಎಪಾಕ್ಸಿಯಷ್ಟು ಅದು ಮರಕ್ಕೆ ಹಿಡಿಯುವುದಿಲ್ಲ. ಬೇರೆ ಕೆಲಸಕ್ಕೆ ಅದನ್ನು ಬಳಸುವವರು ಒಂದು ನೆನಪಿಡಿ: ರೆಸಿನ್ ಗಟ್ಟಿಯಾಗಲು ಹಾಕುವ ಕ್ಯಾಟಲಿಸ್ಟನ್ನೂ ಅದನ್ನು ಚುರುಕು ಮಾಡುವ ಕೋಬಾಲ್ಟ್ ಎಕ್ಸಲರೇಟರನ್ನೂ ನೇರ ಒಂದಕ್ಕೊಂದು ಬೆರೆಸಬಾರದು, ಸ್ಫೋಟ ಆಗುತ್ತದೆ. ಒಂದನ್ನು ರೆಸಿನ್‌ಗೆ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದು.

ತೂತಿನ ಮೇಲಂಚನ್ನು ಕೌಂಟರ್‌ಸಿಂಕ್ ಬಿಟ್‌ನಿಂದ (ಡ್ರಿಲ್ಲಿಗೆ ಹಾಕುವ ಶಂಕುವಿನಾಕಾರದ ಮೊನೆ) ಸ್ವಲ್ಪ ಇಳಿಜಾರು ಮಾಡಿ, ಎರಡು ಮಿ.ಮೀ. ಸಾಕು. ಈ ಸಣ್ಣ ಕೆಲಸವನ್ನು ಹತ್ತರಲ್ಲಿ ಒಂಬತ್ತು ಜನ ಬಿಡುತ್ತಾರೆ. ಆ ತಗ್ಗಿನಲ್ಲಿ ಸೀಲಂಟ್ ಉಂಗುರದ ಹಾಗೆ ಕೂತು ಬೋಲ್ಟಿನ ಕುತ್ತಿಗೆಯನ್ನು ಹಿಡಿಯುತ್ತದೆ. ಬಿಗಿ ಮಾಡುವಾಗ ಜೆಲ್‌ಕೋಟ್ (ಫೈಬರಿನ ಮೇಲಿನ ಹೊಳಪಿನ ಪದರ) ನಕ್ಷತ್ರದ ಹಾಗೆ ಬಿರಿಯುವುದೂ ತಪ್ಪುತ್ತದೆ.

ಸೀಲಂಟ್ ಯಾವುದು? ಲೋಹದ ಸಾಮಾನಿಗೆ ನನ್ನ ಮಟ್ಟಿಗೆ ಬ್ಯೂಟೈಲ್ ಟೇಪೇ, ಅಂದರೆ ಮೆತ್ತಗಿನ ಅಂಟು ರಬ್ಬರಿನ ಪಟ್ಟಿ. ಅದು ಎಂದೂ ಗಟ್ಟಿಯಾಗುವುದಿಲ್ಲ, ದೋಣಿ ಬಾಗಿದರೆ ಜೊತೆಗೆ ಬಾಗುತ್ತದೆ, ಬೇಕಾದಾಗ ಬಿಚ್ಚಬಹುದು. ನೀರಿನ ಮಟ್ಟದ ಕೆಳಗೆ ಮಾತ್ರ ಪಾಲಿಯುರೆಥೇನ್ ಬಳಸಿ. ಅದು ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ನಮ್ಮ ಕರಾವಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅಂಟಿಸುವ ಜಾಗ ಪೂರ್ತಿ ಒಣಗಿರಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಬ್ಯೂಟೈಲನ್ನು ಬೆರಳಲ್ಲಿ ಉರುಳಿಸಿ ಬೋಲ್ಟಿನ ತಲೆಯ ಅಡಿಗೆ ಒಂದು ಸುತ್ತು ಸುತ್ತಿ, ಸಾಮಾನಿನ ಅಡಿಗೂ ಒಂದು ಪದರ ಹಾಸಿ. ಈಗ ಇಬ್ಬರು ಬೇಕು. ಮೇಲಿನವರು ಸ್ಕ್ರೂಡ್ರೈವರ್ ಹಿಡಿದು ಬೋಲ್ಟ್ ತಿರುಗದಂತೆ ತಡೆಯಬೇಕು, ಕೆಳಗಿನವರು ನಟ್ ತಿರುಗಿಸಬೇಕು. ಬೋಲ್ಟೇ ತಿರುಗಿದರೆ ಕುತ್ತಿಗೆಯ ಸೀಲಂಟ್ ಹರಿದುಹೋಗುತ್ತದೆ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ಸುತ್ತಲೂ ಒಂದೇ ಸಮ ಬ್ಯೂಟೈಲಿನ ಗೆರೆ ಹೊರಗೆ ಬಂದ ಕೂಡಲೇ ನಿಲ್ಲಿಸಿ. ಮರುದಿನ ನಟ್ಟನ್ನು ಸ್ವಲ್ಪ ಬಿಗಿ ಮಾಡಿ, ಅದರ ಮರುದಿನ ಇನ್ನೂ ಸ್ವಲ್ಪ. ಬ್ಯೂಟೈಲ್ ನಿಧಾನ ಹರಿಯುವ ವಸ್ತು, ಅವಸರ ಮಾಡಿದರೆ ಪೂರ್ತಿ ಹಿಂಡಿಹೋಗುತ್ತದೆ. ಪಾಲಿಯುರೆಥೇನ್ ಆದರೆ ಒಂದು ಮಿ.ಮೀ. ಪದರ ಒಳಗೆ ಉಳಿಯುವಂತೆ ಬಿಗಿ ಮಾಡಿ ಬಿಟ್ಟುಬಿಡಿ, ಗಟ್ಟಿಯಾದ ಮೇಲೆ ಮತ್ತೆ ಮುಟ್ಟಬೇಡಿ.

ಕೆಳಗೆ ಅಗಲ ವಾಷರ್ ಹಾಕಿ. ಬೋಲ್ಟ್ 316 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲೇ ಇರಲಿ. ಸಾದಾ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುವುದು ಹೆಚ್ಚಾಗಿ 304, ಉಪ್ಪು ನೀರಿಗೆ ಕಂದು ಕಲೆ ಬೀಳುತ್ತದೆ.

ಗೇರು ಎಣ್ಣೆ ಬಳಿಯಿರಿ ಅಂತ ಹೇಳುವ ಹಿರಿಯರು ಸಿಕ್ಕೇ ಸಿಗುತ್ತಾರೆ. ಮರದ ದೋಣಿಗೆ ಅದು ಸರಿಯೇ. ಫೈಬರಿಗೆ ಬಳಿದರೆ ಆಮೇಲೆ ಯಾವ ಸೀಲಂಟೂ ಹಿಡಿಯುವುದಿಲ್ಲ.

ನೀರು ಹೊರಗೆ ಹೋಗುವ ದಾರಿ

ಕಾಕ್‌ಪಿಟ್‌ನ ನೆಲ ಹೊರಗಿನ ನೀರಿಗಿಂತ ಮೇಲಿದ್ದರೆ ಹಿಂಭಾಗದ ತೂತಿನಿಂದ ನೀರು ತಾನಾಗಿ ಹೋಗುತ್ತದೆ. ಇಬ್ಬರ ದೋಣಿಗೆ ನಾಲ್ವರು ಹತ್ತಿದರೆ ನೆಲ ಕೆಳಗಿಳಿದು ಅದೇ ತೂತಿನಿಂದ ನೀರು ಒಳಗೆ ಬರುತ್ತದೆ. ಇದಕ್ಕೆ ಸೀಲಂಟ್ ಮದ್ದಲ್ಲ, ಇಬ್ಬರನ್ನು ಇಳಿಸಿ. ಎಲ್ಲರೂ ಹಿಂದೆ ಕೂತರೂ ಇದೇ ಕತೆ, ಸ್ವಲ್ಪ ಮುಂದೆ ಸರಿಯಿರಿ.

ಕೆಲವು ಡಿಂಗಿಗಳ ತಳದಲ್ಲಿ ಸೆಲ್ಫ್ ಬೈಲರ್, ಅಂದರೆ ನೀರನ್ನು ತಾನಾಗಿ ಹೊರಹಾಕುವ ಸಣ್ಣ ಬಾಗಿಲು, ಇರುತ್ತದೆ. 1948ರಿಂದ 1960ರವರೆಗೆ ಸತತ ನಾಲ್ಕು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ ಹೆಸರಿನಲ್ಲೇ ಒಂದು ಬಗೆ ಪ್ರಸಿದ್ಧ. ದೋಣಿ ಜೋರಾಗಿ ಓಡುವಾಗ ಅಡಿಯಲ್ಲಿ ಹರಿಯುವ ನೀರು ಒಳಗಿನ ನೀರನ್ನು ಹೀರಿ ಎಳೆಯುತ್ತದೆ. ಗಾಳಿ ಕಮ್ಮಿಯಾದರೆ ಹೀರುವ ಶಕ್ತಿ ಇರುವುದಿಲ್ಲ, ಆಗ ಮುಚ್ಚಿಬಿಡಿ. ದಡಕ್ಕೆ ಎಳೆಯುವ ಮೊದಲೂ ಮುಚ್ಚಿ. ತೆರೆದೇ ಮರಳಿನ ಮೇಲೆ ಎಳೆದರೆ ಬೈಲರಿನ ತಗಡು ಬಾಗುತ್ತದೆ, ಸಂದಿಗೆ ಮರಳು ಸೇರುತ್ತದೆ, ಮತ್ತೆ ಎಂದೂ ಸರಿಯಾಗಿ ಮುಚ್ಚುವುದಿಲ್ಲ.

ಸೆಂಟರ್‌ಬೋರ್ಡಿನ (ದೋಣಿ ಪಕ್ಕಕ್ಕೆ ಜಾರದಂತೆ ತಳದ ನಡುವೆ ಇಳಿಸುವ ಹಲಗೆ) ಸೀಳಿನಿಂದ ನೀರು ಚಿಮ್ಮುತ್ತಿದ್ದರೆ, ತಳದಲ್ಲಿ ಸೀಳಿನ ಎರಡೂ ಕಡೆ ಹಳೇ ಹಾಯಿ ಬಟ್ಟೆಯ ಪಟ್ಟಿ ಅಂಟಿಸಿ. ಎರಡರ ಅಂಚೂ ನಡುವೆ ಕೂಡಿಕೊಳ್ಳಲಿ. ರಬ್ಬರ್ ಪಟ್ಟಿ ಬೇಡ, ಬೋರ್ಡಿಗೆ ಕಚ್ಚಿಕೊಳ್ಳುತ್ತದೆ.

ಟ್ಯಾಂಕಿನ ಬಿರಡೆಗೆ ದಾರ ಕಟ್ಟಿ ಚುಕ್ಕಾಣಿಯ ಹಿಡಿಗೆ ಸಿಕ್ಕಿಸಿಡಿ. ಬಿರಡೆ ಹಾಕದೆ ಚುಕ್ಕಾಣಿ ಹಿಡಿಯಲು ಆಗಬಾರದು.

ಇಷ್ಟೆಲ್ಲ ಮಾಡಿದರೂ ಮೊಗೆಯಲು ಒಂದು ಬಕೆಟ್ ಬೇಕು, ಅದೂ ಹಗ್ಗದಿಂದ ದೋಣಿಗೆ ಕಟ್ಟಿದ್ದು. ಮೂಲೆಯ ನೀರಿಗೆ ಅಡಿಕೆ ಹಾಳೆಯ ತುಂಡು ಪ್ಲಾಸ್ಟಿಕ್ ಮಗ್ಗಿಗಿಂತ ಒಳ್ಳೆಯದು, ನೆಲದ ಬಾಗಿಗೆ ಬಾಗುತ್ತದೆ. ಜೂನ್ ಬಂದ ಮೇಲೆ ದೋಣಿಯನ್ನು ಬೋರಲು ಹಾಕಿ, ಬಿರಡೆ ಮತ್ತು ಮುಚ್ಚಳ ತೆಗೆದು ಟ್ಯಾಂಕಿಗೆ ಗಾಳಿ ಆಡಲು ಬಿಡಿ. ತೆಂಗಿನ ಮರದ ಅಡಿಯಲ್ಲಿ ಮಾತ್ರ ಇಡಬೇಡಿ.