ಯುಎಇಗೆ ಹೊರಟಿದ್ದೀರಾ? ಯಾವ ನಂಬರನ್ನು ಇ-ಸಿಮ್ ಮಾಡಬೇಕೆಂದು ಮೊದಲೇ ತೀರ್ಮಾನಿಸಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಕೆಲಸಕ್ಕೆಂದು ಯುಎಇಗೆ ಹೋಗುವವರು ಎರಡು ನಂಬರ್ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ಊರಿನ ನಂಬರಿಗೆ ಬ್ಯಾಂಕು, ಆಧಾರ್, ಯುಪಿಐ ಎಲ್ಲವೂ ಅಂಟಿಕೊಂಡಿವೆ. ಅಲ್ಲಿನ ನಂಬರ್ ಇಲ್ಲದಿದ್ದರೆ ಸಂಬಳದ ಖಾತೆಯೂ ಮುಂದೆ ಸಾಗುವುದಿಲ್ಲ. ಎರಡನ್ನೂ ಒಂದೇ ಫೋನಿನಲ್ಲಿ ಇಡಬಹುದು. ಆದರೆ ಹೊಸ ತಂತ್ರಜ್ಞಾನವೆಂಬ ಹುರುಪಿನಲ್ಲಿ ಊರಿನ ನಂಬರನ್ನೇ ಮೊದಲು ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗಿನ ಚಿಪ್ಪಿನಲ್ಲೇ ಇರುವ ಸಿಮ್) ಮಾಡಿಕೊಳ್ಳುವವರು ಬಹಳ. ಫೋನಿನಲ್ಲಿ ಸಿಮ್ ಟ್ರೇ ಇದ್ದರೆ ಹಾಗೆ ಮಾಡಬೇಡಿ. ಊರಿನ ನಂಬರ್ ಪ್ಲಾಸ್ಟಿಕ್ ಸಿಮ್‌ನಲ್ಲೇ ಇರಲಿ, ಯುಎಇ ನಂಬರನ್ನು ಇ-ಸಿಮ್ ಆಗಿ ಪಡೆಯಿರಿ.

ಇ-ಸಿಮ್ ಕೆಲಸ ಮಾಡುವ ಬಗೆಯಲ್ಲೇ ಇದಕ್ಕೆ ಕಾರಣವಿದೆ. ಫೋನಿನೊಳಗೆ ಬೆಸುಗೆ ಹಾಕಿ ಕೂರಿಸಿದ ಚಿಪ್ಪಿಗೆ ಇಐಡಿ ಎಂಬ 32 ಅಂಕಿಗಳ ಗುರುತು ಇರುತ್ತದೆ. *#06# ಒತ್ತಿದರೆ ಫೋನಿನ ಗುರುತು ಸಂಖ್ಯೆಯಾದ ಐಎಂಇಐ ಜೊತೆಗೆ ಅದೂ ಕಾಣಿಸುತ್ತದೆ. ಮೊಬೈಲ್ ಕಂಪೆನಿ ಕೊಡುವ ಕ್ಯೂಆರ್ ಕೋಡ್‌ನಲ್ಲಿ ನಿಮ್ಮ ನಂಬರ್ ಅಡಗಿರುವುದಿಲ್ಲ. ಇರುವುದು ಕಂಪೆನಿಯ ಸರ್ವರಿನ ವಿಳಾಸ ಮತ್ತು ಒಂದು ಸಂಕೇತ. ಫೋನು ಆ ಸರ್ವರನ್ನು ತಲುಪಿ, ನಿಮ್ಮ ಸಂಪರ್ಕದ ಗುಪ್ತ ಕೀಲಿಗಳಿರುವ ಪ್ರೊಫೈಲನ್ನು ಚಿಪ್ಪಿಗೆ ಇಳಿಸಿಕೊಳ್ಳುತ್ತದೆ. ಆ ಹೊತ್ತಿಗೆ ವೈಫೈ ಅಥವಾ ಬೇರೆ ಇಂಟರ್ನೆಟ್ ಸಂಪರ್ಕ ಬೇಕು. ಇಳಿದ ಪ್ರೊಫೈಲು ಆ ಚಿಪ್ಪಿಗೇ ಬದ್ಧ. ಅದೇ ಕೋಡನ್ನು ಇನ್ನೊಂದು ಫೋನಿಗೆ ತೋರಿಸಿದರೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.

ಈಗ ಶಾರ್ಜಾದಲ್ಲಿ ಫೋನು ನೀರಿಗೆ ಬಿತ್ತು ಎಂದುಕೊಳ್ಳಿ. ಯುಎಇ ನಂಬರಿನ ಚಿಂತೆಯಿಲ್ಲ. ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಹಿಡಿದು ಮೊಬೈಲ್ ಕಂಪೆನಿಗಳಾದ ಎತಿಸಲಾತ್ (ಈಗಿನ ಹೆಸರು e&) ಅಥವಾ ಡು ಮಳಿಗೆಗೆ ಹೋದರೆ ಹೊಸ ಇ-ಸಿಮ್ ಸಿಗುತ್ತದೆ. ಊರಿನ ನಂಬರ್ ಪ್ಲಾಸ್ಟಿಕ್ ಸಿಮ್‌ನಲ್ಲಿದ್ದರೆ ಅದನ್ನು ತೆಗೆದು ರೂಮಿನವರ ಹಳೆಯ ಫೋನಿಗೆ ಹಾಕಿದರಾಯಿತು. ಅದೂ ಇ-ಸಿಮ್ ಆಗಿದ್ದರೆ ಮಾತ್ರ ಫಜೀತಿ: ಅದನ್ನು ಮರಳಿ ಪಡೆಯಲು ಬೇಕಾದ ಒಟಿಪಿ ಸತ್ತುಹೋದ ಅದೇ ನಂಬರಿಗೆ ಬರುತ್ತದೆ, ನೇರ ಹೋಗೋಣವೆಂದರೆ ಮಳಿಗೆ ಇರುವುದು ಕಾಸರಗೋಡಿನಲ್ಲಿ.

ಟ್ರೇ ಇಲ್ಲದ ಫೋನಿಗೆ ಈ ಸಲಹೆ ನಡೆಯದು. ಯುಎಇಯಲ್ಲಿ ಮಾರುವ ಐಫೋನ್ 17 ಸರಣಿಗೆ ಟ್ರೇ ಇಲ್ಲ. ಅಂಥದ್ದನ್ನು ಕೊಳ್ಳುವ ಯೋಚನೆಯಿದ್ದರೆ ಊರಿನ ನಂಬರನ್ನು ರಜೆಯಲ್ಲಿ ಬಂದಾಗಲೇ ಇ-ಸಿಮ್‌ಗೆ ಬದಲಾಯಿಸಿಕೊಳ್ಳಿ, ಅದೂ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಡುವ ಹಿಂದಿನ ರಾತ್ರಿಯಲ್ಲ. ಭಾರತದಲ್ಲಿ ಸಿಮ್ ಬದಲಾದರೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುತ್ತಾರೆ. ವಂಚಕರಿಗೆ ಒಟಿಪಿ ಸಿಗದಿರಲೆಂದು ಮಾಡಿದ ಒಳ್ಳೆಯ ನಿಯಮವದು. ನಾಲ್ಕೈದು ದಿನ ಕೈಯಲ್ಲಿದ್ದರೆ ಬ್ಯಾಂಕಿನ ಒಟಿಪಿ ಬರುತ್ತಿದೆಯೇ ಎಂದು ನೋಡಿಕೊಂಡೇ ವಿಮಾನ ಹತ್ತಬಹುದು. ಇನ್ನೊಂದು ಮಾತು: ಚೀನಾ ಮಾರುಕಟ್ಟೆಗೆಂದು ತಯಾರಾದ ಹೆಚ್ಚಿನ ಐಫೋನ್‌ಗಳಲ್ಲಿ ಇ-ಸಿಮ್ ಸೌಲಭ್ಯವೇ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇಐಡಿ ಕಾಣದೆ ದುಡ್ಡು ಕೊಡಬೇಡಿ.

ಹೊರಡುವ ಮುಂಚೆ ಊರಿನ ನಂಬರಿಗೆ ಅಂತಾರಾಷ್ಟ್ರೀಯ ರೋಮಿಂಗ್ ತೆರೆಸಿ, ಆ ಲೈನಿನ ಡೇಟಾ ರೋಮಿಂಗ್ ಮುಚ್ಚಿಡಿ. ಒಟಿಪಿ ಬಂದರೆ ಸಾಕು. ಕರೆ ಎತ್ತಿದರೆ ಹಣ ಹೋಗುತ್ತದೆ. ರೀಚಾರ್ಜ್ ಮರೆತರೆ ನಂಬರೇ ಕೈಬಿಟ್ಟು ಬೇರೆಯವರ ಪಾಲಾದೀತು. ಈ ಕೆಲಸವನ್ನು ಊರಲ್ಲಿ ಯಾರಿಗಾದರೂ ಒಪ್ಪಿಸಿಬಿಡಿ. "ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡಿಕೊಡುತ್ತೇವೆ, ಬಂದ ಒಟಿಪಿ ಹೇಳಿ" ಎಂದು ಕರೆ ಬಂದರೆ ಮರುಮಾತಿಲ್ಲದೆ ಇಟ್ಟುಬಿಡಿ. ನಿಮ್ಮ ನಂಬರನ್ನು ತಮ್ಮ ಫೋನಿಗೆ ಇಳಿಸಿಕೊಳ್ಳುವ ತಂತ್ರವದು.

ಅಲ್ಲಿ ಇಳಿದ ಮೇಲೆ ಮೊದಲ ಸಂಪರ್ಕವನ್ನು ಪಾಸ್‌ಪೋರ್ಟ್ ತೋರಿಸಿ ಪಡೆಯಬಹುದು. ಎಮಿರೇಟ್ಸ್ ಐಡಿ ಕೈಸೇರಿದೊಡನೆ ಅದರಡಿ ನೋಂದಾಯಿಸಿಕೊಳ್ಳಿ. ಐಡಿ ನವೀಕರಿಸಿದಾಗ ಮೊಬೈಲ್ ಕಂಪೆನಿಗೂ ತಿಳಿಸಬೇಕು. ಸಲುಗೆಯಿಂದ ಕೇಳಿದರೆಂದು ನಿಮ್ಮ ಐಡಿಯಲ್ಲಿ ಇನ್ನೊಬ್ಬರಿಗೆ ಸಿಮ್ ತೆಗೆದುಕೊಡಬೇಡಿ. ಆ ನಂಬರಿನಿಂದ ಏನೇ ನಡೆದರೂ ಪೊಲೀಸರು ಮೊದಲು ಹುಡುಕುವುದು ನಿಮ್ಮನ್ನು. ಕೆಲಸ ಕೊಟ್ಟವರು ನೀಡುವ ನಂಬರಿಗೆ ಬ್ಯಾಂಕನ್ನಾಗಲೀ ಅಲ್ಲಿನ ಸರಕಾರಿ ಗುರುತಿನ ಆ್ಯಪಾದ ಯುಎಇ ಪಾಸನ್ನಾಗಲೀ ಜೋಡಿಸಲೇಬೇಡಿ. ಕೆಲಸ ಬಿಟ್ಟ ದಿನ ನಂಬರೂ ಹೋಗುತ್ತದೆ.

ಯುಎಇ ಜಾಲದಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅದಕ್ಕೆ ಇ-ಸಿಮ್ಮನ್ನು ಬೈಯಬೇಡಿ. ಇಂಟರ್ನೆಟ್ ಕರೆಗೆ ಅಲ್ಲಿ ಪರವಾನಗಿ ಪಡೆದ ಆ್ಯಪ್‌ಗಳೇ ಆಗಬೇಕು. ಬೋಟಿಮ್ ಅಂಥದ್ದೊಂದು. ಮನೆಯವರ ಫೋನಿನಲ್ಲೂ ಅದನ್ನು ಹಾಕಿಟ್ಟು, ಬಳಸುವುದನ್ನು ತೋರಿಸಿಕೊಟ್ಟು ಹೊರಡಿ.

ಫೋನನ್ನು ರೀಸೆಟ್ ಮಾಡುವಾಗ ಇ-ಸಿಮ್ ಉಳಿಸಬೇಕೇ ಅಳಿಸಬೇಕೇ ಎಂಬ ಆಯ್ಕೆ ಬಂದರೆ ಓದದೆ ಒತ್ತಬೇಡಿ. ಕೆಲಸ ಮುಗಿಸಿ ಶಾಶ್ವತವಾಗಿ ಊರಿಗೆ ಮರಳುವಾಗಲೂ ಪ್ರೊಫೈಲ್ ಅಳಿಸಿದರೆ ಲೈನು ರದ್ದಾಗುವುದಿಲ್ಲ. ಪೋಸ್ಟ್‌ಪೇಯ್ಡ್ ಆಗಿದ್ದರೆ ಬಿಲ್ಲು ಓಡುತ್ತಲೇ ಇರುತ್ತದೆ. ಬಾಕಿ ಕಟ್ಟಿ, ಸಂಪರ್ಕ ರದ್ದಾದ ದಾಖಲೆ ಪಡೆದ ಮೇಲೆಯೇ ಅಳಿಸಿ.